ಕಾಲೇಜಿಗೆ ಹೊರಟ ನಮ್ಮ ಮಕ್ಕಳು
(ಬೆಳ್ಳಿ ಹಬ್ಬದ ದಿನ ಪ್ರತಿಭಾ ಪುರಸ್ಕಾರದ ವೇಳೆ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಪಿ.ಯು.ಸಿ. ಪಾಸಾದ ನಮ್ಮೂರ ಮಕ್ಕಳಿಗೆ ಈಗ ತಾನೇ ಹಾರ ಹಾಕಿದ್ದೇವೆ. ಬಹಳ ಸಂತೋಷ. ಅವರಲ್ಲಿ ಒಬ್ಬ ಮಗಳನ್ನು "ಮುಂದೆ ಏನವ್ವ ಓದ್ತೀಯ?" ಅಂತ ಕೇಳಿದೆ. "ಬಿ.ಎಸ್ಸಿ. ಓದಿ ಟೀಚರ್ ಆಗಬೇಕು ಅಂತ ಆಸೆ. ಅಪ್ಪ ಇನ್ನೂ ಹೂಂ ಅಂದಿಲ್ಲ ದೊಡ್ಡಪ್ಪ" ಅಂದಳು. ಅಂಥ ಮಕ್ಕಳು ಪ್ರತಿ ಬೀದಿಯಲ್ಲೂ ಇದ್ದಾರೆ.

ಅಪ್ಪಂದಿರು ಹೂಂ ಅನ್ನದಿರುವುದು ಕೆಟ್ಟ ಮನಸ್ಸಿನಿಂದಲ್ಲ. ಫೀಸು ಕಟ್ಟುವುದು ಮಳೆಗಾಲದ ಆರಂಭದಲ್ಲಿ. ಬಿತ್ತನೆ ಬೀಜ, ಗೊಬ್ಬರಕ್ಕೂ ಆಗಲೇ ದುಡ್ಡು ಬೇಕು. ನಾಲೆ ಬಯಲಿನ ಭತ್ತ ಮನೆ ಸೇರುವುದು ವರ್ಷದ ಕೊನೆಗೆ. ವಿದ್ಯಾರ್ಥಿ ವೇತನವೂ ಕಾಲೇಜು ಸೇರಿದ ಮೇಲೆಯೇ. ಈ ನಡುವಿನ ತಿಂಗಳುಗಳಲ್ಲೇ ಎಷ್ಟೋ ಮಕ್ಕಳ ಓದು ನಿಂತುಹೋಗುತ್ತದೆ. ಆದ್ದರಿಂದ ಮಕ್ಕಳು ಓದಿದರಷ್ಟೇ ಸಾಲದು, ಮನೆಯವರೂ ಮುಂಚೆಯೇ ತಯಾರಾಗಬೇಕು.

ಮೊದಲನೆಯದು ಕಾಗದ ಪತ್ರ. ಜಾತಿ, ಆದಾಯ ಪತ್ರಗಳನ್ನು ನಾಡಕಚೇರಿಯಲ್ಲಿ ಈಗಲೇ ಮಾಡಿಸಿ. ಅಂಕಪಟ್ಟಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಇದ್ದರೆ ಸರಿಪಡಿಸಿಕೊಳ್ಳಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸಿರಬೇಕು. ಒಂದರಿಂದ ಹತ್ತರವರೆಗೆ ಹಳ್ಳಿ ಶಾಲೆಯಲ್ಲಿ ಓದಿದವರಿಗೆ ಸಿ.ಇ.ಟಿ.ಯಲ್ಲಿ ಶೇ. 15 ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮದವರಿಗೆ ಶೇ. 5 ಇದೆ. ವ್ಯಾಸಂಗ ಪತ್ರ ಜೋಪಾನವಾಗಿಡಿ. ಕೃಷಿ ಬಿ.ಎಸ್ಸಿ.ಗೆ ರೈತರ ಮಕ್ಕಳ ಕೋಟಾ ಇದೆ. ಅದಕ್ಕೊಂದು ಪ್ರಾಯೋಗಿಕ ಪರೀಕ್ಷೆಯೂ ಉಂಟು. ಹೊಲದಲ್ಲಿ ಬೆಳೆದ ಮಕ್ಕಳಿಗೆ ಅದರ ಭಯ ಬೇಡ.

ಎರಡನೆಯದು, ಯಾವ ಕಾಲೇಜು? ಸರ್ಕಾರಿ ಪ್ರಥಮ ದರ್ಜೆ ಕಾಲೇಜು ನಂಜನಗೂಡಿನಲ್ಲೂ ಇದೆ, ತಿ. ನರಸೀಪುರದಲ್ಲೂ ಇದೆ. ಮನೆಯಲ್ಲಿ ಉಂಡುಕೊಂಡೇ ಓದಬಹುದು. ಮೈಸೂರೇ ಬೇಕೆಂದರೆ ನಂಜನಗೂಡಿನಿಂದ ರೈಲಿದೆ, ಬಸ್ಸಿದೆ. 2023ರ ಜೂನ್ 11ರಿಂದ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಚಾರ್ಜಿಲ್ಲ. ಒಂದು ಕಾಲಕ್ಕೆ ನಮ್ಮ ಕಡೆಯ ಬಡ ಮಕ್ಕಳಿಗೆ ಮೈಸೂರಿನಲ್ಲಿ ಉಳಿಯುವುದೇ ಕಷ್ಟವಾಗಿತ್ತು. ಅದನ್ನು ಕಂಡೇ ಸುತ್ತೂರಿನ ರಾಜೇಂದ್ರ ಸ್ವಾಮಿಗಳು ಅಲ್ಲಿ ವಿದ್ಯಾರ್ಥಿ ನಿಲಯ ತೆರೆದರು, 1954ರಲ್ಲಿ ಜೆ.ಎಸ್.ಎಸ್. ಮಹಾವಿದ್ಯಾಪೀಠ ಕಟ್ಟಿದರು. ಈಗ ಸರ್ಕಾರದ ಹಾಸ್ಟೆಲುಗಳೂ ಇವೆ. ಅರ್ಜಿ ಹಾಕುವ ದಿನ ತಪ್ಪಿಸಬೇಡಿ.

ಮಕ್ಕಳೇ, ಇಂಗ್ಲಿಷ್ ಬರಲ್ಲ, ನಮ್ಮ ಮಾತು ಕೇಳಿ ನಗ್ತಾರೆ ಅಂತ ಹಿಂಜರಿಯಬೇಡಿ. ನಂಜನಗೂಡು ತಾಲ್ಲೂಕಿನ ದೇವನೂರ ಮಹಾದೇವ ಅವರು ನಮ್ಮ ಸೀಮೆಯ ಮಾತಿನಲ್ಲೇ 'ಕುಸುಮಬಾಲೆ' ಬರೆದು, 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ಇಂಗ್ಲಿಷನ್ನು ದಿನಕ್ಕೊಂದು ಪುಟದಂತೆ ಕಲಿಯಿರಿ, ಊರ ಮಾತಿಗೆ ಮಾತ್ರ ನಾಚಬೇಡಿ.

ಕೊನೆಯದಾಗಿ ಸಂಘದ ವಿಚಾರ. ನಮ್ಮೂರಲ್ಲಿ ವರ್ಷವೆಲ್ಲ ಕೈಗೆ ಬರುವ ದುಡ್ಡು ಅಂದರೆ ಹಾಲಿನ ಬಟವಾಡೆ. ಕೋಳಿ ಕೂಗುವ ಹೊತ್ತಿಗೆ ಎದ್ದು ಹಾಲು ಕರೆಯುವವರು ತಾಯಂದಿರು. ಅದರಲ್ಲಿ ತಿಂಗಳಿಗೆ 200 ರೂಪಾಯಿ ಎತ್ತಿಟ್ಟರೆ ಪಿ.ಯು.ಸಿ. ಎರಡು ವರ್ಷ ಮುಗಿಯುವಾಗ 4,800 ಆಗುತ್ತದೆ. ಕಾಲೇಜು ಸೇರುವಾಗ ಅದೊಂದು ಆಸರೆ. ಅದೂ ಆಗದ ಮನೆಗೆ ಸಂಘದಿಂದ ಫೀಸಿನ ಮುಂಗಡ ಕೊಟ್ಟು, ಬಟವಾಡೆಯಲ್ಲಿ ಸ್ವಲ್ಪ ಸ್ವಲ್ಪ ಮುರಿದುಕೊಳ್ಳೋಣ. ಬೈಲಾ ನೋಡಿ, ಮುಂದಿನ ಸರ್ವ ಸದಸ್ಯರ ಸಭೆಗೆ ಈ ವಿಷಯ ತರಬೇಕೆಂದು ಅಧ್ಯಕ್ಷರಲ್ಲಿ ವಿನಂತಿ. ಹಸು ಕೊಳ್ಳಲು ಸಾಲ ಮಾಡುವ ನಾವು ಮಗಳ ಓದಿಗೆ ಮುಂಗಡ ಪಡೆಯಲು ಯಾಕೆ ಹಿಂಜರಿಯಬೇಕು?

ಬೆಳ್ಳಿ ಹಬ್ಬದ ನೆನಪಿಗೆ ಇದೊಂದು ಕೆಲಸ ಆದರೆ ಸಾಕು. 

ಜೈ ಸಹಕಾರ.