ಕಾಳಿಗೊಂದು ಕಲ್ಲು

ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಹತ್ತನೆಯ ಶತಮಾನದ ಕಲ್ಲೊಂದು ಸಿಕ್ಕಿತು. ಅದರಲ್ಲಿ ಕಾಡುಹಂದಿಯೊಡನೆ ಸೆಣಸುವ ನಾಯಿಯ ಕೆತ್ತನೆಯಿದೆ. ನಾಯಿಯ ಹೆಸರು ಕಾಳಿ. ಗಂಗರ ದೊರೆ ಬೂತುಗ ಶೌರ್ಯಕ್ಕೆ ಮೆಚ್ಚಿ ಏನು ಬೇಕೆಂದಾಗ, ಮಣಲೆರನೆಂಬ ವೀರ ಈ ನಾಯಿಯನ್ನೇ ಕೇಳಿ ಪಡೆದಿದ್ದ. ಆ ಸೆಣಸಾಟದಲ್ಲಿ ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಮಣಲೆರ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟ. ಪೂಜಿಸದೆ ಉಂಡರೆ ಪಾಪ ಎಂದೂ ಬರೆಸಿದ. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ನನಗೆ ಹಿಡಿಸುವುದು ಆ ಭೂಮಿಯ ಮಾತು. ಅಕ್ಕರೆಯ ಜೊತೆಗೆ ಖರ್ಚಿನ ದಾರಿಯನ್ನೂ ಆತ ಯೋಚಿಸಿದ್ದ.

ಗೇಟು ಸದ್ದಾದರೆ ಓಡಿಬರುವ ನಾಯಿ, ಓದುತ್ತಿರುವ ಪೇಪರಿನ ಮೇಲೇ ಬಂದು ಮಲಗುವ ಬೆಕ್ಕು ಯಾರಿಗೆ ಬೇಡ? ಆದರೆ ಮಗುವಿನ ಹಟಕ್ಕೆ ತಂದ ಮರಿ ಹತ್ತು ಹನ್ನೆರಡು ವರ್ಷ ಬದುಕುತ್ತದೆ. ಅಷ್ಟರಲ್ಲಿ ಮಗು ಕಾಲೇಜು ಸೇರಿರುತ್ತದೆ. ಅನ್ನ ಹಾಕುವವರು ಅಜ್ಜಿ! ಇನ್ನು ಬೆಕ್ಕಿಗೆ ಹಾಲಿದ್ದರೆ ಸಾಕು ಅನ್ನುತ್ತೇವೆ. ಬೆಳೆದ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲು ಅರಗುವುದೇ ಇಲ್ಲ.

ರೇಬೀಸ್ ಬೆಕ್ಕಿನಿಂದಲೂ ಬರಬಹುದು. ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುಳಿಯುವುದು ತೀರಾ ಅಪರೂಪ. ಹುಟ್ಟಿದ ಮರಿಗಳನ್ನು ಚೀಲದಲ್ಲಿ ತುಂಬಿ ಸಂತೆಮಾಳದಲ್ಲಿ ಬಿಟ್ಟು ಬರುವುದು ಶುದ್ಧ ಕ್ರೌರ್ಯ. ಸಂತಾನಹರಣ ಶಸ್ತ್ರಚಿಕಿತ್ಸೆ ಇರುವಾಗ ಅದಕ್ಕೆ ನೆಪವೂ ಇಲ್ಲ.

ನಿಮ್ಮ ಮನೆಯ ನಾಯಿಗೋ ಬೆಕ್ಕಿಗೋ ಕೊನೆಯ ಬಾರಿ ರೇಬೀಸ್ ಲಸಿಕೆ ಹಾಕಿಸಿದ್ದು ಯಾವಾಗ? ಕಾರ್ಡು ತೆಗೆದು ನೋಡಿ. ಅವಧಿ ಮೀರಿದ್ದರೆ ಈ ವಾರವೇ ಪಶು ಆಸ್ಪತ್ರೆಗೆ ಕರೆದೊಯ್ಯಿರಿ.