ಬಣ್ಣ ಹಚ್ಚಿದ ಮೇಲೆ ಕೂದಲ ಆರೈಕೆ

ಕೂದಲಿಗೆ ಬಣ್ಣ ಬೇಕೋ ಬೇಡವೋ ಎಂಬ ಚರ್ಚೆ ಇವತ್ತು ಬೇಡ, ನಾನೂ ಹಚ್ಚುತ್ತೇನೆ. ಹಚ್ಚಿದ ಮೇಲಿನ ಆರೈಕೆಯ ಬಗ್ಗೆ ಎರಡು ಮಾತು.

ಶಾಶ್ವತ ಬಣ್ಣದಲ್ಲಿರುವ ಅಮೋನಿಯಾದಂಥ ಕ್ಷಾರ ಕೂದಲಿನ ಹೊರಪದರವನ್ನು ಎಬ್ಬಿಸಿ ಬಣ್ಣವನ್ನು ಒಳಗೆ ಬಿಡುತ್ತದೆ. ಆಮೇಲೆ ಕೂದಲು ಬೇಗ ಒಣಗುತ್ತದೆ, ತುಂಡಾಗುತ್ತದೆ. ನಮ್ಮ ಹೈದರಾಬಾದಿನಲ್ಲಿ ಬೇಸಿಗೆ ಬಂದರೆ ಎಷ್ಟೋ ಅಪಾರ್ಟ್‌ಮೆಂಟುಗಳಿಗೆ ಬೋರ್ ನೀರೇ ಗತಿ. ಗಡಸು ನೀರಿನ ಕ್ಯಾಲ್ಸಿಯಂ ಕೂದಲಿಗೆ ಅಂಟಿ ಇನ್ನಷ್ಟು ಒರಟು ಮಾಡುತ್ತದೆ. ಅದಕ್ಕೇ ನಾನು ಕೊನೆಯ ಎರಡು ಚೊಂಬು ನಲ್ಲಿ ನೀರನ್ನೇ ಹಾಕಿಕೊಳ್ಳುತ್ತೇನೆ. ವಾರಕ್ಕೆ ಎರಡೇ ಸಲ ತಲೆಸ್ನಾನ, ಅದಕ್ಕೆ ಮೊದಲು ಸ್ವಲ್ಪ ಕೊಬ್ಬರಿ ಎಣ್ಣೆ, ಉಗುರುಬೆಚ್ಚಗಿನ ನೀರು, ತುದಿಗಳಿಗೆ ಕಂಡೀಷನರ್, ಬಿಸಿಲಿಗೆ ಹೊರಟರೆ ತಲೆಯ ಮೇಲೆ ದುಪಟ್ಟಾ. ಸ್ಟ್ರೇಟನಿಂಗ್ ಮಾಡಿಸಿದವರು ಬಣ್ಣಕ್ಕೆ ಕನಿಷ್ಠ 2 ವಾರ ತಡೆಯಿರಿ.

ಇನ್ನು ಮುಖ್ಯವಾದ ಮಾತು. ಶುದ್ಧ ಮೆಹಂದಿ ಕೊಡುವುದು ಕೆಂಪು ಛಾಯೆ ಮಾತ್ರ. ಗಾಢ ಕಪ್ಪು ಬಣ್ಣ ಕೊಡುವ ಎಷ್ಟೋ ‘ಕಪ್ಪು ಮೆಹಂದಿ’ಗಳಲ್ಲಿ ಡೈಗಳಲ್ಲಿರುವ ಪಿಪಿಡಿ ಎಂಬ ರಾಸಾಯನಿಕವೇ ಇರುತ್ತದೆ. ಪ್ರತಿಸಲವೂ ಕಿವಿಯ ಹಿಂದೆ ಒಂದು ಚುಕ್ಕೆ ಹಚ್ಚಿ 48 ಗಂಟೆ ನೋಡಿ. ವರ್ಷಗಟ್ಟಲೆ ಒಗ್ಗಿದ ಬಣ್ಣವೂ ಒಂದು ದಿನ ಒಗ್ಗದೇ ಹೋಗಬಹುದು. ನೆತ್ತಿ ತುರಿಸಿದರೆ, ಕಣ್ಣುರೆಪ್ಪೆ ಊದಿದರೆ, ‘ನಾಳೆ ಮದುವೆಯಿದೆ, ತಡೆದುಕೊಳ್ಳೋಣ’ ಎನ್ನಬೇಡಿ. ತಕ್ಷಣ ತೊಳೆದು ಚರ್ಮವೈದ್ಯರಿಗೆ ತೋರಿಸಿ. ಆ ಬಣ್ಣವನ್ನು ಮತ್ತೆ ಮುಟ್ಟಬೇಡಿ, ಮುಂದಿನ ಸಲ ಇನ್ನೂ ಜೋರಾಗಿ ಬರಬಹುದು. ಉಸಿರಾಟಕ್ಕೆ ತೊಂದರೆಯಾದರೆ ನೇರ ಆಸ್ಪತ್ರೆಗೆ ಹೋಗಿ.

ನಾಲ್ಕು ಬಿಳಿ ಕೂದಲು ಕಂಡರೆ ಮದುವೆಮನೆಯಲ್ಲಿ ಯಾರೂ ಊಟ ಬಿಟ್ಟು ಏಳುವುದಿಲ್ಲ.