ಸೊಂಟದಲ್ಲಿ ರಿವಾಲ್ವರ್ ಬೇಕೇ?



ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ, ಪುಣೆಯ ನಮ್ಮ ಸೊಸೈಟಿಯಲ್ಲೇ ಇರುವ ಹುಬ್ಬಳ್ಳಿಯ ಹುಡುಗನೊಬ್ಬ ಮನೆಗೆ ಬಂದಿದ್ದ. ರಾತ್ರಿ ಪಾಳಿ ಮುಗಿಸಿ ಬರುವಾಗ ಇಬ್ಬರು ಚಾಕು ತೋರಿಸಿ ಅವನ ಮೊಬೈಲ್ ಕಿತ್ತುಕೊಂಡಿದ್ದರು. ರಜೆ ಸಿಕ್ಕರೆ ಸಹ್ಯಾದ್ರಿಯ ಕಾಡು, ಕೋಟೆ ಸುತ್ತುವ ಹವ್ಯಾಸ ಬೇರೆ. ಚಹಾ ಲೋಟ ಕೆಳಗಿಟ್ಟು ಕೇಳಿದ: "ಅಂಕಲ್, ನೀವು ಮಿಲಿಟರಿಯಾಗ ಇದ್ದೋರು. ಊರಾಗೂ ಬೇಕು, ಕಾಡಿನ್ಯಾಗೂ ಬೇಕು. ಯಾವ ರಿವಾಲ್ವರ್ ತಗೊಂಡ್ರ ಛಲೋ?"

ಊರು ಬಿಟ್ಟು ಮಹಾನಗರಕ್ಕೆ ಬಂದ ನಮ್ಮಲ್ಲಿ ಹಲವರಿಗೆ ಈ ಯೋಚನೆ ಬಂದಿರಬಹುದು. ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಮೊದಲು ಆಯ್ಕೆಯ ಮಾತು. ಸಿನಿಮಾದಲ್ಲಿ ಕಾಣುವ 9 ಎಂ.ಎಂ. ಪಿಸ್ತೂಲು ನಮ್ಮ ದೇಶದಲ್ಲಿ ನಿಷೇಧಿತ ಬೋರ್, ಜನಸಾಮಾನ್ಯರಿಗೆ ಸಿಗದು. ಸಾಮಾನ್ಯವಾಗಿ ಸಿಗುವುದು .32 ಅಥವಾ .22. ಕಾನ್ಪುರದಲ್ಲಿ ತಯಾರಾಗುವ .32 ರಿವಾಲ್ವರಿನಲ್ಲಿ ಆರು ಗುಂಡು ಹಿಡಿಯುತ್ತವೆ. ಮಹಿಳೆಯರನ್ನು ಗಮನದಲ್ಲಿಟ್ಟು 2014ರಲ್ಲಿ ಹೊರಬಂದ 'ನಿರ್ಭೀಕ್' ಸುಮಾರು 500 ಗ್ರಾಂ ತೂಗುತ್ತದೆ. ಆಗಲೇ ಅದರ ಬೆಲೆ ಒಂದು ಲಕ್ಷ ಇಪ್ಪತ್ತು ಸಾವಿರ ದಾಟಿತ್ತು. ಪಿಸ್ತೂಲು ತೆಳ್ಳಗಿರುತ್ತದೆ, ಬಟ್ಟೆಯೊಳಗೆ ಕಾಣುವುದಿಲ್ಲ, ಬೇಗ ಗುಂಡು ತುಂಬಬಹುದು. ಆದರೆ ತೋಟಾ ಸಿಕ್ಕಿಹಾಕಿಕೊಂಡರೆ ಬಿಡಿಸಲು ಪಳಗಿದ ಕೈ ಬೇಕು. ರಿವಾಲ್ವರಿನಲ್ಲಿ ಒಂದು ತೋಟಾ ಹಾರದಿದ್ದರೆ ಕುದುರೆಯನ್ನು ಮತ್ತೊಮ್ಮೆ ಎಳೆದರಾಯಿತು, ಮುಂದಿನದು ಎದುರಿಗೆ ಬರುತ್ತದೆ. ಹಗುರವಾದಷ್ಟೂ ಒದೆತ ಜಾಸ್ತಿ, ನಳಿಗೆ ಗಿಡ್ಡವಾದಷ್ಟೂ ಗುರಿ ಕಷ್ಟ. ಹೊಸಬರಿಗೆ ರಿವಾಲ್ವರೇ ವಾಸಿ ಎಂಬುದು ನನ್ನ ಅನುಭವ.

ಇನ್ನು ಲೈಸೆನ್ಸು. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ವಯಸ್ಸು 21 ತುಂಬಿರಬೇಕು. ನಗರಗಳಲ್ಲಿ ಪೊಲೀಸ್ ಕಮಿಷನರ್ ಕಚೇರಿಗೆ ಅರ್ಜಿ ಹಾಕಬೇಕು. ಏಕೆ ಬೇಕೆಂದು ಅವರಿಗೆ ಒಪ್ಪಿಗೆಯಾಗಬೇಕು. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಬಂದೂಕು, ಲೈಸೆನ್ಸಿನ ಅವಧಿ ಐದು ವರ್ಷ. ಮುಂಬಯಿ, ಪುಣೆಯವರು ಒಂದು ಮಾತು ನೆನಪಿಡಿ: ಮಹಾರಾಷ್ಟ್ರಕ್ಕೆ ಮಾತ್ರ ಕೊಟ್ಟ ಲೈಸೆನ್ಸು ಹಿಡಿದು ಊರ ಜಾತ್ರೆಗೆ ರಿವಾಲ್ವರ್ ಒಯ್ದರೆ ನೀವೇ ಆರೋಪಿ. ಚುನಾವಣೆ ಬಂದಾಗ ಠಾಣೆಯಲ್ಲಿ ಒಪ್ಪಿಸಿರೆಂದು ಆದೇಶ ಬರುವುದೂ ಉಂಟು.

ಆತ್ಮರಕ್ಷಣೆಯ ಹಕ್ಕನ್ನು ಕಾನೂನು ಕೊಟ್ಟಿದೆ. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯಲ್ಲಿದೆ. ಆದರೆ ರಕ್ಷಣೆಗೆ ಎಷ್ಟು ಬೇಕೋ ಅಷ್ಟೇ. ಅದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. ಮೊಬೈಲ್ ಕಿತ್ತು ಓಡುವವನ ಬೆನ್ನಿಗೆ ಗುಂಡು ಹೊಡೆದು, ಇದು ಆತ್ಮರಕ್ಷಣೆ ಎಂದರೆ ಯಾವ ನ್ಯಾಯಾಧೀಶರು ಒಪ್ಪಿಯಾರು?

ಕಾಡಿನ ಮಾತಿಗೆ ಬರೋಣ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ, ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಅನುಮತಿಯಿಲ್ಲದೆ ಅಭಯಾರಣ್ಯದೊಳಕ್ಕೆ ಆಯುಧ ಒಯ್ಯುವಂತಿಲ್ಲ. ಲೈಸೆನ್ಸು ಇದ್ದರೂ ಅಷ್ಟೇ. ಒಯ್ದರೂ ಪ್ರಯೋಜನವೇನು? .32ರ ಗುಂಡಿನ ತೂಕ ಆರೇಳು ಗ್ರಾಂ, ಬೆಳೆದ ಆನೆಯದು ಮೂರು ನಾಲ್ಕು ಟನ್. ಗಾಯಗೊಂಡು ಸಿಟ್ಟಿಗೆದ್ದ ಪ್ರಾಣಿ ನಿಮ್ಮ ಎದುರಿಗಿರುತ್ತದೆ. ಅಲಾಸ್ಕಾದಲ್ಲಿ ಕರಡಿಯ ಭಯಕ್ಕೆ .44 ಮ್ಯಾಗ್ನಮ್‌ನಂಥ ದೊಡ್ಡ ರಿವಾಲ್ವರ್ ಕಟ್ಟಿಕೊಂಡು ಹೋಗುವವರಿದ್ದಾರೆ. ಅಲ್ಲಿಯೂ ಕರಡಿಗೆಂದೇ ಮಾಡಿದ ಖಾರದ ಸ್ಪ್ರೇ ಬಹಳ ಉಪಯೋಗಕ್ಕೆ ಬಂದಿದೆ. ನಮ್ಮ ಕಾಡುಗಳಲ್ಲಿ ಒಬ್ಬರೇ ಹೋಗಬೇಡಿ, ಕತ್ತಲಾಗುವ ಮುನ್ನ ಹೊರಬನ್ನಿ, ಮಾತಾಡುತ್ತ ನಡೆಯಿರಿ. ಚಿರತೆ ಕಂಡರೆ ಬೆನ್ನು ತಿರುಗಿಸಿ ಓಡಬೇಡಿ. ಆನೆಗೆ ದಾರಿ ಬಿಡಿ.

"ಕೊಡಗಿನವರಾಗಿ ನೀವೇ ಹೀಗಂದ್ರ ಹ್ಯಾಂಗ್ರೀ?" ಎಂದ ಹುಡುಗ. ನಿಜ, ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ. 2021ರಲ್ಲಿ ಕರ್ನಾಟಕ ಹೈಕೋರ್ಟು ಅದನ್ನು ಎತ್ತಿಹಿಡಿಯಿತು.  ಆಗ ಅವನಿಗೆ, ಯಾರಿಗೂ ಹೆಚ್ಚು ಹೇಳದ ಒಂದು ಸಂಗತಿ ಹೇಳಿದೆ.

ನನಗಾಗ ಹದಿನೆಂಟು. ಕಾಫಿ ಕೊಯ್ಲಿನ ಕಾಲ. ಕಣದಲ್ಲಿ ಒಣಗಲು ಹಾಕಿದ ಕಾಫಿ ಕಳುವಾಗುತ್ತಿತ್ತು. ಅಪ್ಪನ ಜೋಡುನಳಿಗೆ ಕೋವಿ ಹಿಡಿದು ಕಾವಲು ಕೂತಿದ್ದೆ. ನಡುರಾತ್ರಿ, ದಟ್ಟ ಮಂಜು. ಕಣದ ಅಂಚಿನಲ್ಲಿ ಯಾರೋ ಬಗ್ಗಿ ಕಾಫಿಗೆ ಕೈ ಹಾಕಿದ್ದು ಕಂಡಿತು. ಕೋವಿ ಎತ್ತಿದೆ. ಬೆರಳು ಕುದುರೆಯ ಮೇಲಿತ್ತು. ಅಷ್ಟರಲ್ಲಿ ಆ ಆಕೃತಿ ಕೆಮ್ಮಿತು. ಅದು ಚಿಕ್ಕಪ್ಪನ ಕೆಮ್ಮು! ಮಂಜಿಗೆ ಕಾಫಿ ನೆನೆಯದಿರಲೆಂದು ಟಾರ್ಪಾಲು ಹೊದಿಸಲು ಬಂದಿದ್ದರು.

ಅಪ್ಪ ಬೈಯಲಿಲ್ಲ. ಮುಂದಿನ ಕೈಲ್ ಪೋದ್ ಹಬ್ಬದಲ್ಲಿ ಕೋವಿಗೆ ತೋಕ್ ಪೂ ಸಿಕ್ಕಿಸುವ ಕೆಲಸ ಮಾತ್ರ ನನಗೆ ಕೊಡಲಿಲ್ಲ. ಆಮೇಲೆ ಎಷ್ಟೋ ವರ್ಷ ಸೈನ್ಯದಲ್ಲಿ ಬಂದೂಕು ಹಿಡಿದೆ. ಗುರಿ ಯಾರೆಂದು ಖಚಿತವಾಗುವವರೆಗೆ ಬೆರಳು ಕುದುರೆಗೆ ತಾಗಿಸಬಾರದೆಂಬ ಪಾಠ ಕಲಿತದ್ದು ಮಾತ್ರ ಆ ಕಣದಲ್ಲೇ.

ಆದ್ದರಿಂದ ನನ್ನ ಸಲಹೆ ಇಷ್ಟು. ನಿಜವಾಗಿ ಪ್ರಾಣಭಯವಿದ್ದು ಲೈಸೆನ್ಸು ಬೇಕೇ ಬೇಕೆಂದರೆ, ಮೊದಲು ರೈಫಲ್ ಕ್ಲಬ್ಬಿಗೆ ಹೋಗಿ ಆರು ತಿಂಗಳು ಕಲಿಯಿರಿ, ಅಂಗಡಿಯ ಮಾತು ಆಮೇಲೆ. ಖಾಲಿ ಇದ್ದರೂ ತುಂಬಿದೆ ಎಂದೇ ಹಿಡಿಯಿರಿ. ಮಕ್ಕಳಿರುವ ಮನೆಯಲ್ಲಿ ತೋಟಾ ಒಂದು ಕಡೆ, ರಿವಾಲ್ವರ್ ಇನ್ನೊಂದು ಕಡೆ, ಎರಡಕ್ಕೂ ಬೀಗ ಇರಲಿ. ಕುಡಿದಾಗ, ಸಿಟ್ಟು ಬಂದಾಗ ಅದರ ಹತ್ತಿರವೂ ಸುಳಿಯಬೇಡಿ.

ನಮ್ಮ ಹುಬ್ಬಳ್ಳಿ ಹುಡುಗ ಸದ್ಯಕ್ಕೆ ಅರ್ಜಿ ಹಾಕಿಲ್ಲ. ದೀಪವಿರುವ ರಸ್ತೆಯಲ್ಲಿ, ಇಬ್ಬರು ಸಹೋದ್ಯೋಗಿಗಳ ಜೊತೆ ಮನೆಗೆ ಬರುತ್ತಾನೆ. 112ಕ್ಕೆ ಒಂದೇ ಗುಂಡಿಯಲ್ಲಿ ಕರೆ ಹೋಗುವಂತೆ ಮೊಬೈಲಿನಲ್ಲಿ ಮಾಡಿಕೊಂಡಿದ್ದಾನೆ. ಭಾನುವಾರ ಕ್ಲಬ್ಬಿನಲ್ಲಿ ಏರ್ ಪಿಸ್ತೂಲು ಕಲಿಯುತ್ತಿದ್ದಾನೆ. "ಹತ್ತು ಮೀಟರ್‌ದಾಗಿನ ಕಾಗದಾನೂ ಸಿಗವಲ್ದು ಅಂಕಲ್" ಎಂದು ಮೊನ್ನೆ ನಕ್ಕ.

 ಎಲ್ಲರೂ ಕ್ಷೇಮವಾಗಿ ಮನೆ ಸೇರಿ.